ನಮ್ಮ ಸಣ್ಣಾವನ ಕಾಲು ಮತ್ತ ನೂರಾಎಂಟು ಕಾರಣ

ಮೊನ್ನೆ ಅಮಾಸಿ ಮರುದಿನ ಹಿತ್ತಲದಾಗ ಭಾಂಡೆ ತಿಕ್ಕಾಕತ್ತಿದ್ನಿ. ಬಾಜು ಮನಿ ಅಕ್ಕ ಗ್ವಾಡಿ ಮ್ಯಾಲಿಂದ ಕುತಿಗಿ ಚಾಚಿ ಕೇಳಿದ್ಲು: "ಯವ್ವಾ, ನನ್ನ ಮೊಮ್ಮಗ ಎಂಟು ದಿನ ಆತು, ಮೊಳಕಾಲು ನೋವು ಅಂತಾನ. ಬಿದ್ದಿಲ್ಲ, ಬಾವು ಇಲ್ಲ. ನಡಿಯಾಗ ಒಂದೀಟು ಎಳಿತಾನ. ನಿಮ್ಮ ಸಣ್ಣಾವಗ ಹಿಂಗs ಅಲ್ಲೇನು ಸುರು ಆಗಿದ್ದು? ಯಾತರಿಂದ ಬಂದಿತ್ತು ಅದು?"

ಯಾತರಿಂದ ಬಂತು ಅನ್ನೋ ಮಾತು ಕೇಳಿದ್ರ ನನಗ ಇವತ್ತಿಗೂ ಹೊಟ್ಯಾಗ ಒಂಥರಾ ಆಗತೈತಿ. ಕೈಯಾಗಿನ ಬೂದಿ ಹಂಗs ಒಣಗಿತು. ನಾಕು ವರ್ಷದ ಹಿಂದ ಈ ಒಂದು ಪ್ರಶ್ನಿ ನಮ್ಮ ಮನಿ ಅರ್ಧ ಒಡದಿತ್ತು. ಆ ಅಕ್ಕಗ ನಿಂತ ನಿಂತಲ್ಲೇ ಹೇಳಿದ್ದು ಒಂದೀಟು. ಉಳಿದದ್ದು ಇಲ್ಲಿ ಬರದೀನಿ. ನಿಮ್ಮನಿಯಾಗೂ ಸಣ್ಣ ಹುಡುಗ್ರು ಅದಾವ, ಓದ್ರಿ.

ನಮ್ಮ ಸಣ್ಣಾವಗ ಆಗ ಏಳು ವರ್ಷ ತುಂಬಿತ್ತು. ಕೊಪ್ಪಳದ ಗವಿಮಠದ ಜಾತ್ರಿಗಿ ಹೋಗಿದ್ವಿ. ತೇರು ಎಳದ ಮರುದಿನ ನಮ್ಮೂರಿಗಿ ಬರಬೇಕಾದ್ರ ಬಸ್ ಸ್ಟ್ಯಾಂಡಿನ್ಯಾಗ ಹಿಂದ ಹಿಂದ ಉಳಿದ. "ಲಗೂ ಬಾರೋ" ಅಂದ್ರ ಕಾಲು ನೋವು ಅಂದ. ಜಾತ್ರ್ಯಾಗ ಅಡ್ಡಾಡಿ ದಣದಾನ ಅಂದ್ಕೊಂಡ್ವಿ. ರಾತ್ರಿ ಕೊಬ್ಬರಿ ಎಣ್ಣಿ ಕಾಸಿ ತಿಕ್ಕಿದ್ನಿ. ಮುಂಜಾನಿ ಎದ್ದು ಆಟಕ್ಕ ಓಡಿದ. ನಾನೂ ಮರತ್ನಿ.

ಆಮ್ಯಾಲೆ ನೋಡ್ರಿ, ಒಂದು ದಿನ ಕುಂಟತಿದ್ದ, ಎರಡು ದಿನ ಚೊಲೊ ಇರತಿದ್ದ. ಎಲ್ಲಿ ನೋವು ಅಂದ್ರ ಮೊಳಕಾಲಿನ ಮ್ಯಾಲೆ ಕೈ ಇಡತಿದ್ದ. ಆಟ ಆಡಿದ ದಿನ ಸಂಜಿಗಿ ಜಾಸ್ತಿ. ಸಾಲಿಗಿ ಹೋಗೋ ಮುಂಜಾನಿ ಜಾಸ್ತಿ ಅನ್ನಿಸ್ತಿತ್ತು ನನಗ. ಅಲ್ಲೇ ನಾ ತಪ್ಪಿದ್ದು. ಒಂದು ಸೋಮಾರ ಮುಂಜಾನಿ ಬುತ್ತಿ ಕಟ್ಟಿ ನಿಂತೀನಿ, ಇವ ಹೊಸ್ತಿಲ ಮ್ಯಾಲೆ ಕುಂತು "ಅವ್ವಾ, ಕಾಲು ಬರವಲ್ದು" ಅಂದ. "ನಾಟಕ ಮಾಡ್ತಿಯೇನೋ" ಅಂತ ಬೆನ್ನಿಗಿ ಒಂದು ಕೊಟ್ಟೆ. ಅವ ಅಳಲಿಲ್ಲ. ಗ್ವಾಡಿ ಹಿಡಕೊಂಡು ಎದ್ದು, ಪಾಟಿಚೀಲ ಹೆಗಲಿಗಿ ಹಾಕ್ಕೊಂಡು, ಕುಂಟಕೋತ ಹ್ವಾದ. ಆ ನಡಿಗಿ ಇನ್ನೂ ನನ್ನ ಕಣ್ಣಾಗ ಐತಿ.

ಊರಾಗಿನ ಡಾಕ್ಟ್ರಿಗಿ ತೋರಿಸಿದ್ವಿ. ಮೊಳಕಾಲು ಅಮುಕಿ ನೋಡಿದ್ರು, ಮೊಳಕಾಲಿಂದು ಫೋಟೋ ತಗಿಸಿದ್ರು. "ಏನೂ ಇಲ್ಲ, ಬೆಳಿಯೋ ಹುಡುಗ್ರಿಗಿ ಹಿಂಗ ನೋವು ಬರತಾವ" ಅಂತ ಗುಳಿಗಿ, ಟಾನಿಕ್ ಕೊಟ್ರು. ಎರಡು ತಿಂಗಳು ಟಾನಿಕ್ ಕುಡಿಸಿದ್ವಿ. ಎಲುಬು ಕೂಡಸಾವ್ರ ಕಡೆ ಹೋಗಿ ಪಟ್ಟಿ ಕಟ್ಟಿಸಿದ್ವಿ. ಜನವರಿ ಹೋಗಿ ಆಗಸ್ಟ್ ಬಂತು. ಅಷ್ಟೊತ್ತಿಗಿ ಆ ಕಡೆ ತೊಡಿ ಈ ಕಡಿಗಿಂತ ಸಣ್ಣಾಗಿತ್ತು. ಎಣ್ಣಿ ಹಚ್ಚಿ ಎರಕೊಳ್ಳೋ ಮುಂದ ಕೈಗಿ ಗೊತ್ತಾತು ನನಗ. ಚಕ್ಕಳಮುಕ್ಕಳ ಹಾಕಿ ಉಣ್ಣಾಕ ಕುಂತ್ರ ಆ ಮೊಳಕಾಲು ನೆಲಕ್ಕ ಇಳಿತಿರಲಿಲ್ಲ, ಮ್ಯಾಲೇ ಎದ್ದು ನಿಲ್ಲತಿತ್ತು.

ಕಡೀಕ ದೊಡ್ಡೂರಿನ ಎಲುಬಿನ ಡಾಕ್ಟ್ರ ಕಡೆ ಹ್ವಾದ್ವಿ. ಅವರು ಮೊಳಕಾಲು ಮುಟ್ಟಲೇ ಇಲ್ಲ. ಹುಡುಗನ್ನ ಅಂಗಾತ ಮಲಗಿಸಿ, ತೊಡಿ ಎತ್ತಿ ಒಳಗ ಹೊರಗ ತಿರುವಿದ್ರು. ಒಂದು ಕಾಲು ಸರಾಗ ತಿರುಗಿತು, ಇನ್ನೊಂದು ಅರ್ಧಕ್ಕs ನಿಂತಿತು. "ಎಮ್ಮಾ, ನೋವು ಮೊಳಕಾಲಾಗ ಕಾಣತೈತಿ, ರೋಗ ತೊಡಿ ಬುಡದ ಕೀಲಿನ್ಯಾಗ ಐತಿ. ಒಂದs ನರ ಎರಡಕ್ಕೂ ಹೋಗಿರತೈತಿ, ಅದಕ್ಕs ಹುಡುಗ್ರು ಮೊಳಕಾಲು ತೋರಿಸ್ತಾರ" ಅಂದ್ರು. ಟೊಂಕದ ಫೋಟೋ ತಗಿಸಿ ಬೆಳಕಿಗಿ ಹಿಡಿದ್ರು. ಬಲಗಡೆ ಎಲುಬಿನ ಗುಂಡು ನಿಂಬಿಹಣ್ಣಿನಂಗ ಗುಂಡಗಿತ್ತು. ಎಡಗಡೆದು ಚಪ್ಪಟಿ ಆಗಿ, ಚೂರು ಚೂರು ಆದಂಗ ಕಾಣತಿತ್ತು. ಹೆಸರು ಹೇಳಿದ್ರು: ಪರ್ಥೀಸ್ ಕಾಯಿಲೆ.

ನಾ ಕೇಳಿದ ಮೊದಲನೇ ಮಾತು ಗುಣ ಆಗತೈತೇನ್ರಿ ಅಂತಲ್ಲ. "ಯಾಕ ಬಂತ್ರೀ ಇದು?" ಅಂತ. ಡಾಕ್ಟ್ರು ಒಂದು ಗಳಿಗಿ ಸುಮ್ಮನಿದ್ರು. "ಅದನ್ನ ಇಡೀ ಜಗತ್ತಿನ ಡಾಕ್ಟ್ರು ನೂರು ವರ್ಷದಿಂದ ಕೇಳಾಕತ್ತಾರ ನೋಡವ್ವಾ" ಅಂದ್ರು.

ಡಾಕ್ಟ್ರಿಗಿ ಗೊತ್ತಿರದಿದ್ರೂ ನಮ್ಮ ಮಂದಿಗಿ ಗೊತ್ತಿತ್ತು. ಒಂದೊಂದು ಊರಿಂದ ಒಂದೊಂದು ಕಾರಣ ಬಂತು.

ಯಲಬುರ್ಗಿ ಕಡೆ ಕೊಟ್ಟ ನಮ್ಮ ನಾದಿನಿ ಫೋನ್ ಮಾಡಿ, "ವೈನಿ, ನೀ ಬಸರಿದ್ದಾಗ ಗ್ರಾಣ ಹಿಡದಿತ್ತು, ನೀ ಅಂಗಳಕ್ಕ ಬಂದಿದ್ದಿ, ನಾ ಕಣ್ಣಾರೆ ನೋಡೀನಿ" ಅಂದ್ಲು. ಗಂಗಾವತಿ ಕಡೆ ನನ್ನ ತವರುಮನಿ. ನಮ್ಮವ್ವ ಅಂದ್ಲು, "ಅಲ್ಲೇನು ಉಣ್ಣಾಕ ಹಾಕತೀರಿ ಹುಡುಗ್ಗ, ಬರೇ ಜ್ವಾಳದ ರೊಟ್ಟಿ ಉಳ್ಳಾಗಡ್ಡಿ. ಹಾಲು ತುಪ್ಪ ಕಂಡೀತೇನು ಆ ಕೂಸು?" ಅದನ್ನ ಕೇಳಿ ನಮ್ಮತ್ತಿ, "ಅವರ ಕಡೆ ಗದ್ದ್ಯಾಗ ಬರೇ ಔಷಧ ಹೊಡಿತಾರ. ಬಾಣಂತನಕ್ಕ ಹೋದಾಕಿ ಐದು ತಿಂಗಳು ಆ ಭತ್ತದ ಅನ್ನ ಉಂಡು ಬಂದಾಳ, ಎದಿ ಹಾಲಿನ್ಯಾಗ ಅದs ಹೋಗೇತಿ" ಅಂದ್ರು. ಕುಷ್ಟಗಿ ಸಂತ್ಯಾಗ ಸಿಕ್ಕ ದೊಡ್ಡವ್ವ, "ಬೋರ್ ನೀರವ್ವಾ, ಫ್ಲೋರೈಡ್ ನೀರು, ಮತ್ತೇನಿಲ್ಲ" ಅಂದ್ಲು. ನಮ್ಮ ನೆಗೆಣ್ಣಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದ್ರ ಓಣ್ಯಾಗ, "ಬೇವಿನ ಗಿಡದಿಂದ ಬಿದ್ದಾಗ ಇಕಿ ಫೋನಿನ್ಯಾಗ ಮಾತಾಡಕೋತ ಕುಂತಿದ್ಲು" ಅಂದಿದ್ದು ನನ್ನ ಕಿವಿಗಿ ಬಂತು.

ಲಕ್ಷ್ಯ ಕೊಟ್ಟು ನೋಡ್ರಿ ಅಕ್ಕಾರs, ಕಾರಣ ಎಷ್ಟೇ ಇರಲಿ, ಎಲ್ಲಾ ತಿರುಗಿ ಬಂದು ನಿಲ್ಲೋದು ತಾಯಿ ಮುಂದ. ಬಸರಾಗಿದ್ದಾಗ ನಾ ಏನು ತಿಂದೆ, ಎಲ್ಲಿ ನಿಂತೆ, ಹಡದ ಮ್ಯಾಲೆ ಏನು ಉಣಿಸಿದೆ, ಯಾವ ಗಳಿಗ್ಯಾಗ ಕಣ್ಣು ತಪ್ಪಿಸಿದೆ. ಅವರೆಲ್ಲಾ ಅಂದದ್ದಕ್ಕಿಂತ ಜಾಸ್ತಿ ನನಗ ನಾನs ಅಂದ್ಕೊಂಡಿದ್ದೆ. ಬೆನ್ನಿಗಿ ಹೊಡದ ಆ ಏಟು ಟೊಂಕಕ್ಕೇನರ ತಾಗಿತ್ತಾ ಅಂತ ರಾತ್ರಿ ಎಲ್ಲಾ ನೆನಸತಿದ್ನಿ.

ನಮ್ಮಕ್ಕನ ಮಗಳು ಆಗ ನರ್ಸಿಂಗ್ ಓದಾಕತ್ತಿದ್ಲು. ದೀಪಾವಳಿಗಿ ಬಂದಾಗ ನನ್ನ ಮಾರಿ ನೋಡಿ, "ಚಿಗವ್ವಾ, ಕುಂತ್ಕೋ, ಒಂದೊಂದೇ ಕಾರಣ ಹೇಳು, ಇಬ್ಬರೂ ಓದಿ ನೋಡೂಣು" ಅಂದ್ಲು. ಅಕಿ ಪುಸ್ತಕ ತಂದ್ಲು, ಡಾಕ್ಟ್ರನ್ನ ಕೇಳಿಕೊಂಡು ಬಂದ್ಲು. ಮುಂದ ಬರದಿದ್ದೆಲ್ಲಾ ಹಂಗ ತಿಳಕೊಂಡದ್ದು.

ಮೊದಲು ಆ ರೋಗ ಅಂದ್ರೇನು ಅಂತ. ತೊಡಿ ಎಲುಬಿನ ತುದಿಗಿ ಒಂದು ಗುಂಡು ಇರತೈತಿ, ಟೊಂಕದ ಎಲುಬಿನ್ಯಾಗ ಒಂದು ಬಟ್ಟಲು ಇರತೈತಿ. ಗುಂಡು ಬಟ್ಟಲದಾಗ ಕುಂತು ತಿರುಗತೈತಿ. ಆ ಗುಂಡಿಗಿ ರಕ್ತ ಹೋಗೋ ನರಗಳು ಭಾಳ ಸಣ್ಣವು. ಸಣ್ಣ ಹುಡುಗ್ರಿಗಂತೂ ಒಂದೆರಡು ನರದ ಮ್ಯಾಲೇ ಎಲ್ಲಾ ನಿಂತಿರತೈತಿ. ತವರುಮನಿ ಕಡೆ ಹುಟ್ಟಿದಾಕಿ ನಾ, ನನಗ ಇದು ತುಂಗಭದ್ರಾ ಎಡದಂಡಿ ಕಾಲುವಿ ಲೆಕ್ಕದಾಗ ತಿಳೀತು. ಡ್ಯಾಮಿನ್ಯಾಗ ನೀರು ಇದ್ದರೂ ಟೇಲೆಂಡ್ ಹೊಲಕ್ಕ ಬರೋದು ಒಂದು ಸಣ್ಣ ತೂಬಿನಿಂದ. ಅದು ಕಟ್ಟಿತಂದ್ರ ಮ್ಯಾಲಿನ ಹೊಲ ಹಸಿರಿದ್ದು ಕಡೇ ಹೊಲ ಒಣಗತೈತಿ. ನಮ್ಮ ಸಣ್ಣಾವನ ಎಲುಬಿನ ಗುಂಡು ಟೇಲೆಂಡ್ ಹೊಲ. ಅಲ್ಲಿಗಿ ರಕ್ತ ಹೋಗೋದು ನಿಂತು ಎಲುಬು ಸತ್ತಿತ್ತು.

ಸತ್ತದ್ದು ಹಂಗs ಉಳಿಯಂಗಿಲ್ಲ, ಅದೊಂದು ಪುಣ್ಯ. ಹುಡುಗ್ರ ಮೈ ತಾನs ಸತ್ತ ಎಲುಬು ಕರಗಿಸಿ, ಮತ್ತ ರಕ್ತದ ದಾರಿ ಮಾಡ್ಕೊಂಡು, ಹೊಸಾ ಎಲುಬು ಕಟ್ಟತೈತಿ. ಇದಕ್ಕೆಲ್ಲಾ ಎರಡರಿಂದ ನಾಕೈದು ವರ್ಷ ಬೇಕು. ನಡುವಿನ ಕಾಲದಾಗ ಗುಂಡು ಮೆತ್ತಗಿರತೈತಿ. ಹೂರಣದ ಉಂಡಿ ನೆನಸ್ಕೋರಿ. ಬಟ್ಟಲದಾಗ ಇಟ್ಟು ಒತ್ತಿದ್ರ ಬಟ್ಟಲದ ಆಕಾರಕ್ಕs ಕುಂಡ್ರತೈತಿ. ಮಣಿ ಮ್ಯಾಲೆ ಇಟ್ಟು ಒತ್ತಿದ್ರ ಹೋಳಿಗಿ ಆಗತೈತಿ. ಡಾಕ್ಟ್ರು ಮಾಡೋ ಕೆಲಸ ಎಲ್ಲಾ ಇಷ್ಟs: ಎಲುಬು ಗಟ್ಟಿ ಆಗೋ ತನಕ ಆ ಗುಂಡು ಬಟ್ಟಲ ಬಿಟ್ಟು ಹೊರಗ ಸರೀದಂಗ ನೋಡ್ಕೊಳ್ಳೋದು.

ತೂಬು ಯಾಕ ಕಟ್ಟಿತು ಅನ್ನೋದು ಉಳೀತು. ಇದಕ್ಕ ಹೆಸರು ಬಂದದ್ದು 1910ರಾಗ. ಅಮೇರಿಕಾದ ಬಾಸ್ಟನ್ನಿನ ಆರ್ಥರ್ ಲೆಗ್, ಫ್ರಾನ್ಸಿನ ಜಾಕ್ ಕಾಲ್ವೆ, ಜರ್ಮನಿಯ ಗಿಯೋರ್ಗ್ ಪರ್ಥೀಸ್, ಮೂರೂ ಮಂದಿ ಬ್ಯಾರೆ ಬ್ಯಾರೆ ಕುಂತು ಒಂದs ವರ್ಷ ಇದನ್ನ ಬರದ್ರು. ಅದಕ್ಕೂ ಒಂದು ವರ್ಷ ಮೊದಲು ಸ್ವೀಡನ್ನಿನ ವಾಲ್ಡನ್‌ಸ್ಟ್ರಾಮ್ ಅನ್ನೋ ಡಾಕ್ಟ್ರು ಇದನ್ನ ಕಂಡಿದ್ರು, ಆದ್ರ ಅವರು ಇದು ಎಲುಬಿನ ಕ್ಷಯ ಅಂತ ತಿಳದ್ರು. ಎಕ್ಸ್‌ರೇ ಬಂದದ್ದು 1895ರಾಗ. ಅದಕ್ಕ ಮೊದಲು ಒಳಗ ನೋಡೋ ಕಣ್ಣೇ ಇರಲಿಲ್ಲ, ಕುಂಟೋ ಹುಡುಗ ಬರೇ ಕುಂಟೋ ಹುಡುಗ. ನಮ್ಮ ಕಡೆ ಮುದುಕ್ರು "ಸಣ್ಣಾವಿದ್ದಾಗಿಂದ ಕುಂಟು" ಅಂತಾರಲ್ಲ, ಅವರೊಳಗ ಎಷ್ಟು ಮಂದಿಗಿ ಇದs ಆಗಿತ್ತೋ ಯಾರು ಬಲ್ಲರು.

ಒಂದೊಂದೇ ಕಾರಣ ತೂಗಿ ನೋಡಿದ್ವಿ.

ಗಿಡದಿಂದ ಬಿದ್ದದ್ದು: ಒಂದು ಸಲ ಬಿದ್ದದ್ದರಿಂದ ಪರ್ಥೀಸ್ ಬರತೈತಿ ಅಂತ ಗಟ್ಟಿಯಾಗಿ ತೋರಿಸಿದವರಿಲ್ಲ. ಬೀಳದ ಹುಡುಗ ಯಾವ ಊರಾಗ ಅದಾನ ಹೇಳ್ರಿ. ಆದ್ರ ಈ ರೋಗ ಬರೋ ಹುಡುಗ್ರು ಭಾಳ ಮಂದಿ ಒಂದು ಕಡೆ ಕುಂಡ್ರದ ಜಿಗಿದಾಡೋ ಹುಡುಗ್ರು. ಗಂಡುಹುಡುಗ್ರಿಗಿ ಹೆಣ್ಣುಹುಡುಗ್ರಿಗಿಂತ ನಾಕು ಪಟ್ಟು ಜಾಸ್ತಿ. ಅದಕ್ಕ ಜಿಗದು ಜಿಗದು ಆ ಸಣ್ಣ ನರಕ್ಕ ಮತ್ತ ಮತ್ತ ಪೆಟ್ಟು ಬೀಳತೈತೇನೋ ಅನ್ನೋ ಅನುಮಾನ ಡಾಕ್ಟ್ರಿಗಿ ಐತಿ.

ರಕ್ತ: ರಕ್ತ ಲಗೂ ಹೆಪ್ಪುಗಟ್ಟೋ ಗುಣ ಇದ್ದವರಿಗಿ ಆ ಸಣ್ಣ ನರ ಕಟ್ಟತೈತೇನೋ ಅಂತ ಭಾಳ ಪರೀಕ್ಷಾ ಮಾಡ್ಯಾರ. ಕೆಲವರು ಹೌದು ಅಂದಾರ, ಕೆಲವರು ಅಲ್ಲ ಅಂದಾರ.

ವಂಶ: ಬಹಳಷ್ಟು ಮನಿಯಾಗ ಒಂದs ಹುಡುಗ್ಗ ಬರತೈತಿ, ಅಣ್ಣತಮ್ಮಗ ಬರಂಗಿಲ್ಲ. ಅಪರೂಪಕ್ಕ ಒಂದೊಂದು ಮನಿತನದಾಗ ನಾಕಾರು ಮಂದಿಗಿ ಬಂದು, ಕೀಲಿನ ಮೆತ್ತನ ಎಲುಬು ಕಟ್ಟೋ ಒಂದು ಜೀನಿನ್ಯಾಗ ದೋಷ ಸಿಕ್ಕೈತಿ. "ಸೋದರಿಕೆ ಲಗ್ನ ಆದದ್ದಕ್ಕ ಬಂತು" ಅಂತ ನನ್ನ ಗಂಡಗ ಯಾರೋ ಅಂದಿದ್ರು. ನಮ್ಮದು ಸೋದರಿಕೆ ಲಗ್ನ ಅಲ್ಲೇ ಅಲ್ಲ!

ಬಡತನ: ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಾಗ ಲೆಕ್ಕ ಹಾಕಿದ್ರಂತ. ಬಡವರು ಇರೋ ಓಣಿಗಳಾಗ ಈ ರೋಗ ಜಾಸ್ತಿ ಕಂಡೈತಿ. ಆ ದೇಶದಾಗ ಬರಬರತಾ ರೋಗ ಕಡಿಮಿ ಆಗೇತಿ. ರೋಗ ಬಂದ ಹುಡುಗ್ರು ವಯಸ್ಸಿಗಿಂತ ಗಿಡ್ಡ ಇರತಾರ, ಅವರ ಎಲುಬು ಓರಿಗಿಯವರಕಿಂತ ಎರಡು ವರ್ಷ ಸಣ್ಣವರಂಗ ಇರತೈತಿ. ಅಂದ್ರ ಹುಡುಗ ಬೆಳಿಯೋ ಕಾಲದಾಗ, ಹೊಟ್ಯಾಗಿದ್ದಾಗ ಆಗಲಿ ಹುಟ್ಟಿದ ಮ್ಯಾಲೆ ಆಗಲಿ, ಏನೋ ಕಡಿಮಿ ಬಿದ್ದಿರಬೇಕು ಅಂತ ಅನುಮಾನ. ಏನು ಅಂತ ಕೈಗಿ ಸಿಕ್ಕಿಲ್ಲ. ನಮ್ಮ ಕರ್ನಾಟಕದಾಗs ಮಣಿಪಾಲದ ಡಾಕ್ಟ್ರು ಬೆಂಜಮಿನ್ ಜೋಸೆಫ್ ಮತ್ತ ಅವರ ಜೋಡಿ ಇದ್ದವರು ಇದನ್ನ ವರ್ಷಗಟ್ಟಲೆ ಓದ್ಯಾರ. ಉಡುಪಿ ಕಡೆ ಕರಾವಳಿ ಪಟ್ಟಿಯಾಗ ಈ ರೋಗ ಜಾಸ್ತಿ ಅಂತ ಕಂಡಿದ್ದು ಅವರೇ. ಬಿಳೇ ಮಂದಿ ಹುಡುಗ್ರಕಿಂತ ನಮ್ಮ ಹುಡುಗ್ರಿಗಿ ಸ್ವಲ್ಪ ದೊಡ್ಡ ವಯಸ್ಸಿನ್ಯಾಗ ಬರತೈತಿ ಅಂತನೂ ಅವರು ತೋರಿಸ್ಯಾರ. ಇದು ನಮಗ ಮುಖ್ಯ, ಯಾಕಂದ್ರ ಆರರ ಒಳಗ ಬಂದ್ರ ಗುಂಡು ಚೊಲೊ ಕೂಡತೈತಿ, ಎಂಟು ದಾಟಿದ ಮ್ಯಾಲೆ ಬಂದ್ರ ಬೆಳಿಯೋ ಕಾಲ ಕಡಿಮಿ ಉಳದಿರತೈತಿ.

ಗ್ರಾಣ: ಅದಕ್ಕ ನಮ್ಮಕ್ಕನ ಮಗಳು ನಕ್ಕು, "ಚಿಗವ್ವಾ, ಗ್ರಾಣ ಇಡೀ ದೇಶಕ್ಕ ಹಿಡದಿತ್ತು" ಅಂದ್ಲು. ಅಷ್ಟಕ್ಕ ಬಿಟ್ವಿ.

ನೀರು: ಇದನ್ನ ನಾ ಸುಮ್ಮನ ಬಿಡಲಿಲ್ಲ, ಯಾಕಂದ್ರ ನಮ್ಮ ಕಡೆ ಇದು ಖರೇನ ಕಷ್ಟ. ಕುಷ್ಟಗಿ, ಯಲಬುರ್ಗಿ ತಾಲೂಕಿನ ಎಷ್ಟೋ ಊರಾಗ ಬೋರ್ ನೀರಿನ್ಯಾಗ ಫ್ಲೋರೈಡ್ ಜಾಸ್ತಿ. ಲೀಟರಿಗಿ 1.5 ಮಿಲಿಗ್ರಾಂ ಮ್ಯಾಲೆ ಇರಬಾರದು ಅಂತ ಲೆಕ್ಕ. ಹಲ್ಲಿನ ಮ್ಯಾಲೆ ಕಂದು ಗೆರಿ ಇರೋ ಹುಡುಗ್ರು ಪ್ರತಿ ಸಾಲ್ಯಾಗ ಸಿಗತಾರ. ವರ್ಷಾನುಗಟ್ಟಲೆ ಕುಡದವರಿಗಿ ಬೆನ್ನು ಬಾಗಿ, ಕುತಿಗಿ ಬಿಗದು, ಕಾಲು ಸೊಟ್ಟ ಆಗಿದ್ದು ನಾವs ನೋಡೀವಿ. ಆದ್ರ ಅದರ ನಡಾವಳಿ ಬ್ಯಾರೆ. ಫ್ಲೋರೈಡ್ ಹಿಡದ್ರ ಒಂದs ನೀರು ಕುಡದ ಮನಿಮಂದಿಗೆಲ್ಲಾ, ಎರಡೂ ಕಾಲಿಗಿ, ಹಲ್ಲಿಗಿ ಸೈತ ಕಾಣತೈತಿ. ಪರ್ಥೀಸ್ ಒಂದು ಹುಡುಗನ ಬಹುಪಾಲು ಒಂದs ಕಾಲಿನ ಗುಂಡಿಗಿ ಬರತೈತಿ. ಫ್ಲೋರೈಡಿನಿಂದ ಪರ್ಥೀಸ್ ಬರತೈತಿ ಅಂತ ಯಾರೂ ತೋರಿಸಿಲ್ಲ. ಹಂಗಂತ ಬೋರ್ ನೀರು ಕುಡೀರಿ ಅಂತ ನಾ ಅನ್ನಾಕತ್ತಿಲ್ಲ ಮತ್ತ! ಶುದ್ಧ ನೀರಿನ ಘಟಕದ ನೀರೇ ತರ್ರಿ. ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ; ನೀರು ಆವಿಯಾಗಿ ಹೋಗತೈತಿ, ಅದು ಅಲ್ಲೇ ಉಳದು ಇನ್ನೊಂದೀಟು ಗಟ್ಟಿ ಆಗತೈತಿ.

ಗದ್ದಿ ಔಷಧದ ಮಾತು ಬಂದಾಗ ನಮ್ಮಕ್ಕನ ಮಗಳು ಹಂದಿಗೋಡಿನ ಕತಿ ಹೇಳಿದ್ಲು. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಊರು ಅದು. 1975ರ ಹೊತ್ತಿಗಿ ಅಲ್ಲಿ ಕೂಲಿನಾಲಿ ಮಾಡೋ ಚನ್ನಂಗಿ, ಚಲವಾದಿ ಮಂದ್ಯಾಗ ಟೊಂಕ ಮೊಳಕಾಲು ನೋವು ಬಂದು, ಮಂದಿ ಕುಂಟಾಕ ಹತ್ತಿದ್ರು. ಕೆಲವರು ಬೆಳೀಲೇ ಇಲ್ಲ, ಗಿಡ್ಡಾಗೇ ಉಳದ್ರು. ಆಗ ಮೊದಲು ಎದ್ದ ಮಾತು, ಔಷಧ ಹೊಡದ ಗದ್ದಿ ಏಡಿ ತಿಂದಾರ, ಅದಕ್ಕs ಬಂತು ಅಂತ. ಬಡವರು, ಹೊಟ್ಟಿಗಿಲ್ಲದ ಏಡಿ ಹಿಡದು ತಿಂದಿದ್ರು. ಅದs ಅವರ ತಪ್ಪಾತು. ಮುಂದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, ಬ್ಯಾರೆ ವಿಜ್ಞಾನಿಗಳು ಮನಿತನದ ವಂಶಾವಳಿ ಬರಕೊಂಡು ನೋಡಿದ್ರ, ಅದು ತಂದಿ ತಾಯಿಯಿಂದ ಮಕ್ಕಳಿಗಿ ರಕ್ತದಾಗ ಇಳದು ಬರೋ ಎಲುಬಿನ ರೋಗ ಅಂತ ಕಂಡಿತು. ನಮ್ಮ ಸಣ್ಣಾವಂದು ಆ ರೋಗ ಅಲ್ಲ. ಆದ್ರ ಅದನ್ನ ಕೇಳಿ ನನಗ ತಿಳದದ್ದು ಇಷ್ಟು: ಕಾರಣ ಗೊತ್ತಿಲ್ಲದ ಜಾಗಾದಾಗ ಮಂದಿ ಮೊದಲು ತಪ್ಪು ತಂದು ಇಡತಾರ. ಅದೂ ತಿರುಗಿ ಮಾತಾಡದವರ ಮ್ಯಾಲೆ.

ಇಲ್ಲಿಗಿ ಬಂದು ನಾ ಒಂದು ಮಾತು ಮುಚ್ಚಿಡದs ಹೇಳಬೇಕು. ಕಾರಣದ ಪಟ್ಟಿಯಾಗ ಇನ್ನೊಂದು ಇತ್ತು: ಹೊಗಿ. ಮನಿಯಾಗ ಬೀಡಿ ಸಿಗರೇಟು ಸೇದೋರು ಇದ್ದ ಹುಡುಗ್ರಿಗಿ ಈ ರೋಗದ ಅಪಾಯ ಜಾಸ್ತಿ ಅಂತ ಒಂದಲ್ಲ, ನಾಕಾರು ಕಡೆ ಕಂಡೈತಿ. ಕಟಗಿ ಒಲಿ ಹೊಗಿ ಮ್ಯಾಲೂ ಅನುಮಾನ ಐತಿ. ಡಾಕ್ಟ್ರು ನಮ್ಮನ್ನ ಕೇಳಿದ್ರು, "ಮನಿಯಾಗ ಯಾರರ ಸೇದತಾರೇನು?" ಅಂತ.

ನಮ್ಮ ಮಾವ ಸೇದತಾರ. ಪಡಸಾಲ್ಯಾಗ ಕುಂತು, ದಿನಾ ಒಂದು ಕಟ್ಟು ಬೀಡಿ. ಸಣ್ಣಾವ ಹುಟ್ಟಿದಾಗಿಂದ ಅವರ ಮಗ್ಗಲದಾಗs ಮಲಗಿದಾವ.

ಅವತ್ತು ರಾತ್ರಿ ಅಡಗಿ ಮಾಡಕೋತ ನನಗ ಒಂಥರಾ ಹಗುರ ಆಗಿತ್ತು. ಎಂಟು ತಿಂಗಳು ನನ್ನ ಮ್ಯಾಲೆ ಬಿದ್ದ ಕಲ್ಲು ಎತ್ತಿ ಇನ್ನೊಬ್ಬರ ಮ್ಯಾಲೆ ಇಡಾಕ ಜಾಗ ಸಿಕ್ಕಿತ್ತು. ಅತ್ತಿ ಮುಂದ ಒಂದು ಮಾತು ಅಂದ್ರ ಸಾಕಿತ್ತು. ಪರಾತದಾಗ ರೊಟ್ಟಿ ಬಡಕೋತ ಆ ಮಾತು ನಾಕು ಸಲ ಬಾಯಿಗಿ ಬಂತು. ಅಷ್ಟರಾಗ ಪಡಸಾಲ್ಯಾಗ ಮಾವ ಸಣ್ಣಾವನ ಕಾಲು ತಮ್ಮ ತೊಡಿ ಮ್ಯಾಲೆ ಇಟ್ಟುಕೊಂಡು, ಮೆಲ್ಲಕ ತಿಕ್ಕಕೋತ ಕುಂತಿದ್ದು ಕಂಡಿತು. ನಾ ಏನೂ ಅನ್ನಲಿಲ್ಲ.

ಆದ್ರ ನನ್ನ ಗಂಡ ಉಣ್ಣೋ ಮುಂದ ಡಾಕ್ಟ್ರು ಕೇಳಿದ್ದನ್ನ ಹಂಗs ಹೇಳಿಬಿಟ್ರು. ಮನಿ ಎಲ್ಲಾ ಗಪ್ ಆತು. ಮಾವ ತುತ್ತು ಕೈಯಾಗ ಹಿಡದು ಕುಂತ್ರು. ಆಮ್ಯಾಲೆ ತಾಟು ಸರಿಸಿ ಎದ್ರು. ಅವರ ಮಾರಿ ನೋಡಿ ನನಗ ನನ್ನ ಮಾರಿ ಕಂಡಂಗ ಆತು. ನಾ ಬಾಗಲಾಗ ನಿಂತು, "ಮಾವಾರ, ಅದs ಕಾರಣ ಅಂತ ಡಾಕ್ಟ್ರು ಹೇಳಿಲ್ರಿ. ಮನಿಮನಿಗಿ ಸೇದತಾರ, ಎಲ್ಲಾ ಹುಡುಗ್ರಿಗಿ ಬಂದೈತೇನ್ರಿ? ಉಣ್ಣಬರ್ರಿ" ಅಂದ್ನಿ. ಲಗ್ನ ಆಗಿ ಬಂದಾಗಿಂದ ನಾ ಅವರ ಮುಂದ ಅಷ್ಟುದ್ದ ಮಾತಾಡಿದ್ದು ಅದs ಮೊದಲು. ಅವರು ಬಂದು ಉಂಡ್ರು. ಮರುದಿನದಿಂದ ಬೀಡಿ ಪಡಸಾಲಿ ಬಿಟ್ಟು ಅಗಸಿ ಕಟ್ಟಿಗಿ ಹೋತು. ವರ್ಷ ತುಂಬೋದ್ರಾಗ ಪೂರಾ ಬಿಟ್ರು. ಅತ್ತಿನೂ ಆಮ್ಯಾಲೆ ಗದ್ದಿ ಔಷಧದ ಮಾತು ತಗೀಲಿಲ್ಲ.

ಉಪಚಾರದ್ದು ಉದ್ದ ಹೇಳಂಗಿಲ್ಲ. ಹುಡುಗ್ಗ ಎಂಟು ಸಮೀಪ ಇತ್ತು, ಗುಂಡು ಬಟ್ಟಲ ಬಿಟ್ಟು ಹೊರಗ ಸರಿಯಾಕತ್ತಿತ್ತು. ಅದಕ್ಕ ತೊಡಿ ಎಲುಬು ಮ್ಯಾಲೆ ಕೊಯ್ದು, ಗುಂಡು ಬಟ್ಟಲದ ಕಡೆ ವಾಲೋ ಹಂಗ ಓರೆ ಮಾಡಿ, ಪ್ಲೇಟು ಸ್ಕ್ರೂ ಹಾಕಿದ್ರು. ಆರು ವಾರ ಪ್ಲಾಸ್ಟರ್. ಆಮ್ಯಾಲೂ ತಿಂಗಳಾನುಗಟ್ಟಲೆ ಆ ಕಾಲಿನ ಮ್ಯಾಲೆ ಭಾರ ಹಾಕಂಗಿಲ್ಲ. ಜಿಗಿದಾಡೋ ಹುಡುಗನ್ನ ಹಾಸಿಗ್ಯಾಗ ಹಿಡದಿಡೋದು ಎಷ್ಟು ಕಷ್ಟ ಅಂತ ತಾಯಂದ್ರಿಗಿ ಬಿಡಿಸಿ ಹೇಳಬೇಕಾಗಿಲ್ಲ. ಕಿನ್ನಾಳದ ಕಟಗಿ ಗೊಂಬಿ ತಂದು ಕೊಟ್ವಿ, ಚೌಕಾಬಾರ ಕಲಿಸಿದ್ವಿ. ಕಲಿಸಿದ್ದು ಮಾವ. ಮೂರು ತಿಂಗಳದಾಗ ಅವ ಮಾವನ್ನ ಸೋಲಿಸಾಕ ಹತ್ತಿದ. ಒಂದು ಎಮ್ಮಿ ಮಾರಿದ್ವಿ.

ಈಗ ಅವಗ ಹನ್ನೊಂದು. ಹ್ವಾದ ಸಲ ತಗಿಸಿದ ಫೋಟೋದಾಗ ಗುಂಡು ತುಂಬೈತಿ, ಪೂರಾ ಗುಂಡಗಿಲ್ಲ, ಒಂದೀಟು ಚಪ್ಪಟಿ. ಆ ಕಾಲು ಒಂದು ಬೆರಳು ಗಿಡ್ಡ ಐತಿ. ಚಪ್ಪಲಿಗಿ ಒಂದು ಪದರ ಜಾಸ್ತಿ ಹೊಲಿಸೀವಿ. ಸಾಲಿಗಿ ಸೈಕಲ್ ಮ್ಯಾಲೆ ಹೋಗತಾನ. ದೊಡ್ಡಾವ ಆಗಿ ನಲ್ವತ್ತು ಐವತ್ತು ದಾಟಿದ ಮ್ಯಾಲೆ ಕೀಲು ಲಗೂ ಸವಿಬಹುದು ಅಂತ ಡಾಕ್ಟ್ರು ಹೇಳ್ಯಾರ. ಅದು ಅವನ ಮುಂದಿನ ದಾರಿ. ಕಾರಣ ಇವತ್ತಿಗೂ ಗೊತ್ತಿಲ್ಲ.

ಹೊಡದದ್ದರ ಬಗ್ಗೆ ಡಾಕ್ಟ್ರನ್ನ ಒಂದು ಸಲ ಕೇಳಿದ್ನಿ, ಹುಡುಗನ್ನ ಹೊರಗ ಕಳಿಸಿ. "ಬೆನ್ನಿಗಿ ಹೊಡದದ್ದಕ್ಕ ಟೊಂಕದ ಎಲುಬಿಗಿ ಇದು ಬರಂಗಿಲ್ಲಮ್ಮಾ" ಅಂದ್ರು. ಎಲುಬಿಗಿ ಬರಂಗಿಲ್ಲ, ಖರೆ. ಆದ್ರ ಆ ಹುಡುಗ ನೋವು ಅಂದಾಗ ನಾ ನಂಬಲಿಲ್ಲ. ಅದಕ್ಕೊಂದು ಹೆಸರಿಲ್ಲ, ಎಕ್ಸ್‌ರೇ ಇಲ್ಲ. ಒಂದು ದಿನ ಎಣ್ಣಿ ಹಚ್ಚೋ ಮುಂದ ಅವಗ, "ಅವತ್ತು ನಾ ಹೊಡದದ್ದು ನೆಪ್ಪೈತೇನೋ?" ಅಂತ ಕೇಳಿದ್ನಿ. "ಹೂಂ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಿನಗ ಗೊತ್ತಿರಲಿಲ್ಲಲ್ಲವ್ವಾ" ಅಂದ.

ಬಾಜು ಮನಿ ಅಕ್ಕಗ ಗ್ವಾಡಿ ಮ್ಯಾಲೆ ಹೇಳಿದ್ದು, ನಿಮಗೂ ಹೇಳೋದು ಇಷ್ಟು. ನಾಕರಿಂದ ಹತ್ತರೊಳಗಿನ ಹುಡುಗ ಎಂಟು ಹತ್ತು ದಿನ ಕುಂಟಿದ್ರ, ನೋವು ಇಲ್ಲಂದ್ರೂ, ಎಲುಬಿನ ಡಾಕ್ಟ್ರಿಗಿ ತೋರಿಸ್ರಿ. ಮೊಳಕಾಲು ನೋವು ಅಂದ್ರ ಟೊಂಕಾನೂ ನೋಡ್ರಿ ಅಂತ ನೀವs ಬಾಯಿಬಿಟ್ಟು ಕೇಳ್ರಿ. ಮೊದಲನೇ ಫೋಟೋದಾಗ ಏನೂ ಕಾಣದೇ ಇರಬಹುದು. ಕುಂಟೋದು ನಿಲ್ಲಲಿಲ್ಲಂದ್ರ ಮತ್ತ ತಗಿಸ್ರಿ. ಜ್ವರ ಬಂದು, ಹುಡುಗ ಕಾಲು ಊರಾಕs ಒಲ್ಲೆ ಅಂದ್ರ ಮುಂಜಾನಿ ತನಕ ಕಾಯಬ್ಯಾಡ್ರಿ, ಕೀಲಿನ್ಯಾಗ ಕೀವು ತುಂಬಿದ್ರೂ ಹಂಗ ಆಗತೈತಿ. ಅವತ್ತs ದವಾಖಾನಿಗಿ ಓಡ್ರಿ. ನಮ್ಮ ದೇಶದಾಗ ಕೀಲಿನ ಕ್ಷಯನೂ ಹುಡುಗ್ರಿಗಿ ಬರತೈತಿ, ಅದಕ್ಕ ಔಷಧ ಐತಿ, ಅದನ್ನೂ ನೋಡಿಸ್ರಿ. ಎಣ್ಣಿ ತಿಕ್ಕಿರಿ, ದೃಷ್ಟಿ ತಗೀರಿ, ಹುಲಿಗೆಮ್ಮಗ ಹರಕಿ ಹೊರ್ರಿ, ನಾನೂ ಹೊತ್ತೀನಿ. ಆದ್ರ ಅದರ ಸಲುವಾಗಿ ಏಳು ತಿಂಗಳು ಕಳಿಬ್ಯಾಡ್ರಿ.

ಮತ್ತ ಯಾರ ಮನಿ ಹುಡುಗ್ಗರ ಹಿಂಗ ಆದ್ರ, ಹೋಗಿ ಮಾತಾಡಿಸೋ ಮುಂದ ಯಾತರಿಂದ ಬಂತು ಅಂತ ಮೊದಲು ಕೇಳಬ್ಯಾಡ್ರಿ. ಆ ತಾಯಿ ಅದನ್ನ ರಾತ್ರಿ ಎಲ್ಲಾ ಕೇಳ್ಕೊಂಡಿರತಾಳ. ಎರಡು ರೊಟ್ಟಿ ಬಡದು ತಗೊಂಡು ಹೋಗ್ರಿ, ಹುಡುಗನ ಮಗ್ಗಲದಾಗ ಒಂದು ತಾಸು ಕುಂಡ್ರ್ರಿ, ಅಕಿ ಜಳಕ ಮಾಡಿ ಬರಲಿ.

ಅಂದಂಗ, ಆ ಅಕ್ಕನ ಮೊಮ್ಮಗನ್ನ ನಿನ್ನೆ ಕೊಪ್ಪಳಕ್ಕ ಕರಕೊಂಡು ಹೋಗಿದ್ರು. ಟೊಂಕದ ಫೋಟೋ ತಗದಾರ. ಸದ್ಯಕ್ಕ ಏನೂ ಕಂಡಿಲ್ಲ, ಕುಂಟೋದು ನಿಲ್ಲಲಿಲ್ಲಂದ್ರ ಮೂರು ವಾರಕ್ಕ ಮತ್ತ ಬರ್ರಿ ಅಂದಾರಂತ. ಅಕ್ಕ ಮತ್ತ ಗ್ವಾಡಿ ಮ್ಯಾಲಿಂದ ಕುತಿಗಿ ಚಾಚಿ ಹೇಳಿದ್ಲು. ನಾನೂ ದಿನ ಎಣಸಾಕತ್ತೀನಿ.